ಫ್ಲೆಕ್ಸ್‌ನಲ್ಲಿ ಅಂಕಿ ಮೆಟ್ಟಿಲಾದರೆ: ನಿಜವಾಗಿ ಹಿಗ್ಗುವ ಫಾಂಟ್ ಯಾವುದು ಅಂತ ಪತ್ತೆ ಹಚ್ಚುವ ಬಗೆ

ಗದಗದ ಸ್ಟೇಷನ್ ರೋಡ್ ಹತ್ತಿರ ನನ್ನ ಗೆಳೆಯನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಸ್ವಾಗತದ ಬ್ಯಾನರ್ ಅವನ ಕೆಲಸ. ಮುದ್ರಣ ಕಾಶಿ ಅಂತ ಹೆಸರಾದ ಊರಿದು. ಇಲ್ಲಿ ಅಕ್ಷರ ಕೆಟ್ಟರೆ ಗಿರಾಕಿಗೆ ಕೂಡಲೇ ಗೊತ್ತಾಗುತ್ತದೆ. ಲಗ್ನದ ಸೀಸನ್ನಿನಲ್ಲಿ ಒಂದು ದಿನ ಅವನ ಫೋನ್ ಬಂತು. 6 ಅಡಿ ಅಗಲದ ಫ್ಲೆಕ್ಸ್ ಹುಬ್ಬಳ್ಳಿಯಿಂದ ಪ್ರಿಂಟ್ ಆಗಿ ಬಂದಿತ್ತು. ಹೆಣ್ಣು ಗಂಡಿನ ಹೆಸರು, ಕಲ್ಯಾಣ ಮಂಟಪದ ಹೆಸರು ಎಲ್ಲ ನುಣುಪಾಗಿದ್ದವು. ಮುಹೂರ್ತದ ತಾರೀಖು, ವೇಳೆ, ಫೋನ್ ನಂಬರ್ ಮಾತ್ರ ಮೆಟ್ಟಿಲು ಮೆಟ್ಟಿಲು.

ನಾನು ಹೋಗಿ ನೋಡಿದೆ. 8 ಅನ್ನೋ ಅಂಕಿಯ ದುಂಡು ದುಂಡಾಗಿರಲಿಲ್ಲ. ಕಸೂತಿಯ ಮುರ್ಗಿ ಹೊಲಿಗೆಯಂತೆ ಹಂತ ಹಂತವಾಗಿ ಏರಿ ಇಳಿದಿತ್ತು. ಸ್ಕೇಲ್ ಇಟ್ಟು ಅಳೆದೆವು. ಒಂದೊಂದು ಹಂತ ಸುಮಾರು 2 ಮಿಲಿಮೀಟರ್. ಈ ಅಳತೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಫ್ಲೆಕ್ಸ್ ಹಾಕಿದವರ ಮಷೀನ್ ಕೆಟ್ಟಿದೆ ಅಂತ ಗೆಳೆಯ ಹೇಳುತ್ತಿದ್ದ. ಮಷೀನ್ ಕೆಟ್ಟಿದ್ದರೆ ಕನ್ನಡ ಅಕ್ಷರವೂ ಕೆಡಬೇಕಿತ್ತು, ಅಲ್ವಾ? ಒಂದೇ ಸಾಲಿನಲ್ಲಿ ಅರ್ಧ ನುಣುಪು, ಅರ್ಧ ಮೆಟ್ಟಿಲು ಅಂದರೆ ದೋಷ ಫಾಂಟಿನದು. ಅದನ್ನು ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವನ ಕಂಪ್ಯೂಟರ್‌ನಲ್ಲಿರುವುದು ಹಳೆಯ ಲಿನಕ್ಸ್, ಅದರ ಮೇಲೆ ಪರದೆಯ ಚಿತ್ರ ನೋಡಿಕೊಳ್ಳುವ ಎಕ್ಸ್ ವಿಂಡೋ ಸಿಸ್ಟಮ್. ಆಜ್ಞೆಗಳ ಹೆಸರನ್ನು ಓದಲು ಸುಲಭ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಕೊಡುವ ಕಿಟಕಿಯಲ್ಲಿ, ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಬೇಕು.

ಎರಡು ಪ್ರಶ್ನೆ, ಒಂದಲ್ಲ

ಈ ದೋಷ ಹುಡುಕುವವರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: ಈ ಫಾಂಟ್ ಹಿಗ್ಗುತ್ತದೆಯೋ ಇಲ್ಲವೋ? ಅದೊಂದೇ ಸಾಲದು. ಹಿಗ್ಗುವುದಾದರೆ ಹೇಗೆ ಹಿಗ್ಗುತ್ತದೆ ಅಂತಲೂ ಕೇಳಬೇಕು.

ಬಿಟ್‌ಮ್ಯಾಪ್ ಫಾಂಟ್ ಅಂದರೆ ಚುಕ್ಕೆಗಳ ಚಿತ್ರ. ಧಾರವಾಡದ ಕಡೆ ಕಸೂತಿ ಹಾಕುವವರು ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚುತ್ತಾರೆ. ಗೋಪುರ ಇಷ್ಟು ಎಳೆ ಎತ್ತರ, ಇಷ್ಟು ಎಳೆ ಅಗಲ ಅಂತ ಲೆಕ್ಕ ಇರುತ್ತದೆ. ಬಿಟ್‌ಮ್ಯಾಪ್ ಅಕ್ಷರವೂ ಹಾಗೆಯೇ. 12 ಚುಕ್ಕೆ ಎತ್ತರಕ್ಕೆ ಬರೆದದ್ದು 12 ಚುಕ್ಕೆಗೆ ಮಾತ್ರ ಚೆಂದ. ಔಟ್‌ಲೈನ್ ಫಾಂಟ್ ಬೇರೆ. ಅದರಲ್ಲಿ ಅಕ್ಷರದ ಅಂಚಿನ ಗೆರೆಯೇ ಲೆಕ್ಕವಾಗಿ ಇರುತ್ತದೆ. ಎಷ್ಟು ದೊಡ್ಡದು ಬೇಕೋ ಅಷ್ಟಕ್ಕೆ ಹೊಸದಾಗಿ ಗೆರೆ ಎಳೆದು ಒಳಗೆ ಬಣ್ಣ ತುಂಬುತ್ತದೆ. ಟ್ರೂಟೈಪ್, ಓಪನ್‌ಟೈಪ್, ಹಳೆಯ ಟೈಪ್ 1 ಈ ಜಾತಿಗೆ ಸೇರಿದವು.

ಇವೆರಡರ ನಡುವೆ ಇನ್ನೊಂದು ಬಗೆ ಇದೆ. ಮೋಸ ಆಗುವುದು ಅಲ್ಲೇ. ಬಿಟ್‌ಮ್ಯಾಪನ್ನೇ ಎಳೆದು ದೊಡ್ಡದು ಮಾಡಿ ಕೊಡುವುದು. ಎಕ್ಸ್‌ನ ಮುಖ್ಯ ಪ್ರೋಗ್ರಾಮ್ ಆದ ಎಕ್ಸ್ ಸರ್ವರ್ 1991ರ ಎಕ್ಸ್11 5ನೇ ಬಿಡುಗಡೆಯಿಂದ ಈ ಕೆಲಸವನ್ನೂ ಮಾಡುತ್ತಿದೆ. ಹಿಗ್ಗುತ್ತದೆಯೇ ಅಂತ ಕೇಳಿದರೆ ಹೌದು ಅನ್ನುತ್ತದೆ. ಸುಳ್ಳಲ್ಲ, ಹಿಗ್ಗುತ್ತದೆ. ಆದರೆ ಒಂದೊಂದು ಚುಕ್ಕೆಯೂ ಅದರ ಜೊತೆ ಹಿಗ್ಗುತ್ತದೆ.

ಮೊದಲು ಪಿಡಿಎಫ್ ನೋಡಿ

ಕಂಪ್ಯೂಟರ್ ಪರದೆ ನೋಡಿ ತೀರ್ಮಾನ ಮಾಡಬೇಡಿ. ಪರದೆಯಲ್ಲಿ ಅಕ್ಷರ ಒರಟಾಗಿ ಕಾಣಲು ಬೇರೆ ಕಾರಣಗಳೂ ಇರುತ್ತವೆ. ಅಂಚು ನಯ ಮಾಡುವ ಆಂಟಿಅಲಿಯಾಸಿಂಗ್ ಯಾರೋ ಆಫ್ ಮಾಡಿದ್ದರೆ ಒಳ್ಳೆಯ ಔಟ್‌ಲೈನ್ ಫಾಂಟ್ ಕೂಡ ಮೆಟ್ಟಿಲಾಗಿ ಕಾಣುತ್ತದೆ. ಪ್ರಿಂಟ್ ಮಾತ್ರ ಚೆನ್ನಾಗಿಯೇ ಬರುತ್ತದೆ. ಕೆಲವು ಟ್ರೂಟೈಪ್ ಫಾಂಟ್‌ಗಳ ಹೊಟ್ಟೆಯಲ್ಲಿ ಸಣ್ಣ ಅಳತೆಗೆ ಅಂತಲೇ ಬಿಟ್‌ಮ್ಯಾಪ್ ಇಟ್ಟಿರುತ್ತಾರೆ. ಅಂಥದ್ದು ಸಣ್ಣ ಅಳತೆಯಲ್ಲಿ ಒರಟು, ಅದೇ ಅಕ್ಷರ ದೊಡ್ಡದು ಮಾಡಿದರೆ ನುಣುಪು. ಇವೆರಡೂ ಪರದೆಯ ತೊಂದರೆ, ಫ್ಲೆಕ್ಸ್ ಕೆಡಿಸುವಂಥವಲ್ಲ.

ಹಾಗಾಗಿ ಪ್ರಿಂಟಿಗೆ ಕಳಿಸಿದ ಪಿಡಿಎಫ್ ತೆಗೆದು 800 ಪರ್ಸೆಂಟ್ ಹಿಗ್ಗಿಸಿ. ನುಣುಪು ಉಳಿದರೆ ಪಿಡಿಎಫ್ ಸರಿ ಇದೆ. ಚೌಕ ಚೌಕ ಕಂಡರೆ ದೋಷ ನಿಮ್ಮ ಕಂಪ್ಯೂಟರ್‌ನಲ್ಲೇ ಇದೆ, ಪ್ರಿಂಟ್ ಹಾಕಿದವರನ್ನು ದೂರಬೇಡಿ.

ನಂತರ ಪಾಪ್ಲರ್ ಎಂಬ ಪಿಡಿಎಫ್ ಉಪಕರಣಗಳ ಜೊತೆ ಬರುವ ಪಿಡಿಎಫ್‌ಫಾಂಟ್ಸ್ ಆಜ್ಞೆಯನ್ನು ಆ ಕಡತದ ಮೇಲೆ ಓಡಿಸಿ. ಕಡತದಲ್ಲಿ ಯಾವ ಯಾವ ಫಾಂಟ್ ಕೂತಿದೆ, ಯಾವ ಜಾತಿಯದು ಅಂತ ಪಟ್ಟಿ ಬರುತ್ತದೆ. ಚೌಕ ಚೌಕ ಕಂಡು ಪಟ್ಟಿಯೂ ಖಾಲಿ ಬಂದರೆ ಅದರಲ್ಲಿ ಫಾಂಟಿನ ಅಕ್ಷರಗಳೇ ಇಲ್ಲ, ಬರೀ ಫೋಟೋ ಇದೆ ಅಂತ ಅರ್ಥ. ನಮ್ಮ ಕಡೆ ಇದು ಬಹಳ ಸಾಮಾನ್ಯ. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರವನ್ನೇ ಪಿಡಿಎಫ್ ಒಳಗೆ ಇಟ್ಟಿರುತ್ತಾರೆ. ಆಗ ಈ ಬರಹದ ಮುಂದಿನ ಭಾಗ ನಿಮಗೆ ಬೇಕಿಲ್ಲ. ಮೂಲ ಡಿಸೈನ್ ಕೇಳಿ ತರಿಸಿಕೊಳ್ಳಿ.

ಗೆಳೆಯನ ಕಡತದಲ್ಲಿ ಎರಡು ಸಾಲು ಬಂದವು. ಲೋಹಿತ್ ಕನ್ನಡ ಎದುರು ಟ್ರೂಟೈಪ್ ಅಂತ ಇತ್ತು. ಇನ್ನೊಂದರ ಎದುರು ಟೈಪ್ 3. ಈ ಟೈಪ್ 3 ನೋಡಿದ ಕೂಡಲೇ ಕಿವಿ ನಿಮಿರಬೇಕು. ಟೈಪ್ 3 ಅಂದರೆ ಅಕ್ಷರ ಒಂದು ಸಣ್ಣ ಚಿತ್ರವಾಗಿ ಕೂತಿರಬಹುದು ಅಂತ. ಎಲ್ಲ ಟೈಪ್ 3 ಬಿಟ್‌ಮ್ಯಾಪ್ ಅಲ್ಲ, ಗೆರೆಯಿಂದ ಬರೆದವೂ ಇರುತ್ತವೆ. ಆದರೆ ಕೈರೋ ಎಂಬ ಚಿತ್ರಣ ಲೈಬ್ರರಿಗೆ ಬಿಟ್‌ಮ್ಯಾಪ್ ಫಾಂಟ್ ಕೊಟ್ಟರೆ ಅದು ಪಿಡಿಎಫ್‌ನಲ್ಲಿ ಹೀಗೇ ಇಡುತ್ತದೆ. ಗೆಳೆಯನ ಅಂಗಡಿಗೆ ಯಾರೋ ಬರೆದುಕೊಟ್ಟ ಬ್ಯಾನರ್ ಪ್ರೋಗ್ರಾಮ್ ಅಕ್ಷರ ಜೋಡಿಸುವ ಪ್ಯಾಂಗೋ ಲೈಬ್ರರಿ ಮತ್ತು ಕೈರೋ ಮೇಲೆ ನಿಂತಿತ್ತು.

ಈಗ ಆ 2 ಮಿಲಿಮೀಟರ್ ಲೆಕ್ಕಕ್ಕೆ ಬರೋಣ. ಪಿಡಿಎಫ್ ಅಡ್ಡ ಎ4 ಹಾಳೆಯದು, ಅಗಲ 297 ಮಿಲಿಮೀಟರ್. ಫ್ಲೆಕ್ಸ್ 6 ಅಡಿ, ಅಂದರೆ 1829 ಮಿಲಿಮೀಟರ್. ಆರು ಪಟ್ಟು ದಾಟಿ ಹಿಗ್ಗಿದೆ. ಅಂಕಿಗಳ ಅಳತೆ 24 ಪಾಯಿಂಟ್. ಅಂದರೆ ಹಾಳೆಯ ಮೇಲೆ ಸುಮಾರು 8.5 ಮಿಲಿಮೀಟರ್, ಫ್ಲೆಕ್ಸ್ ಮೇಲೆ ಸುಮಾರು 52. ಆ ಅಕ್ಷರದ ಚಿತ್ರ 24 ಚುಕ್ಕೆ ಎತ್ತರದ್ದಾದರೆ ಒಂದು ಚುಕ್ಕೆಗೆ 2.2 ಮಿಲಿಮೀಟರ್ ಬೀಳುತ್ತದೆ. ಸ್ಕೇಲ್ ಇಟ್ಟಾಗ ಸಿಕ್ಕಿದ್ದೂ ಅದೇ. ಅಂದಾಜು ಹೋಗಿ ಖಾತ್ರಿಯಾಯಿತು: 24 ಚುಕ್ಕೆಯ ಬಿಟ್‌ಮ್ಯಾಪ್ ಎಲ್ಲಿಂದಲೋ ಒಳಗೆ ಬಂದಿದೆ.

ಅಂಕಿ ಮಾತ್ರ ಯಾಕೆ ಕೆಟ್ಟಿತು?

ಪ್ರೋಗ್ರಾಮ್‌ನ ಸೆಟ್ಟಿಂಗ್‌ನಲ್ಲಿ ಫಾಂಟ್ ಹೆಸರು ಹೆಲ್ವೆಟಿಕಾ ಅಂತ ಇತ್ತು. ಹೆಲ್ವೆಟಿಕಾದಲ್ಲಿ ಕನ್ನಡ ಅಕ್ಷರ ಇಲ್ಲ. ಹಾಗಾಗಿ ಕನ್ನಡ ಬಂದಲ್ಲೆಲ್ಲ ಸಿಸ್ಟಮ್ ಸುಮ್ನೆ ಲೋಹಿತ್ ಕನ್ನಡಕ್ಕೆ ಹೋಯಿತು. 1, 2, 3 ಅಂಕಿಗಳು ಹೆಲ್ವೆಟಿಕಾದಲ್ಲಿ ಸಿಗುತ್ತವೆ, ಅವನ್ನು ಅಲ್ಲಿಂದಲೇ ತಂದಿತು. ಗಿರಾಕಿ ೧, ೨, ೩ ಅಂತ ಕನ್ನಡ ಅಂಕಿಯಲ್ಲಿ ಹಾಕಿಸಿದ್ದರೆ ಈ ದೋಷ ಕಾಣುತ್ತಲೇ ಇರಲಿಲ್ಲ. ಒಂದೇ ಸಾಲಿನಲ್ಲಿ ಎರಡು ಫಾಂಟ್ ಇದ್ದವು. ಕಣ್ಣಿಗೆ ಒಂದೇ ಅನಿಸುತ್ತಿತ್ತು, ಅಷ್ಟೇ.

ಇನ್ನು ಹೆಲ್ವೆಟಿಕಾ ಅಂತ ಕೇಳಿದಾಗ ಯಾವ ಕಡತ ಕೊಟ್ಟಿತು ಅಂತ ಸಿಸ್ಟಮನ್ನೇ ಕೇಳಬೇಕು. ಕೇಳಿದ ಹೆಸರಿಗೆ ಫಾಂಟ್ ಹುಡುಕಿಕೊಡುವ ಫಾಂಟ್‌ಕಾನ್ಫಿಗ್‌ನ ಎಫ್‌ಸಿ-ಮ್ಯಾಚ್ ಆಜ್ಞೆ ಇರುವುದೇ ಇದಕ್ಕೆ. ಅದರ ಮುಂದೆ ಹೆಲ್ವೆಟಿಕಾ ಅಂತ ಹಾಕಿ ಎಂಟರ್ ಒತ್ತಿದರೆ ಒಂದೇ ಸಾಲು ಉತ್ತರ. ಕಡತದ ಹೆಸರಿನ ಕೊನೆಯಲ್ಲಿ ಪಿಸಿಎಫ್ ಅಂತ ಇತ್ತು. ಅಲ್ಲಿಗೆ ಕಳ್ಳ ಸಿಕ್ಕ. ಪಿಸಿಎಫ್, ಬಿಡಿಎಫ್, ಒಟಿಬಿ ಅಂತ ಮುಗಿಯುವವು ಬಿಟ್‌ಮ್ಯಾಪ್. ಟಿಟಿಎಫ್, ಒಟಿಎಫ್, ಪಿಎಫ್‌ಬಿ ಅಂತ ಮುಗಿದರೆ ಸಾಮಾನ್ಯವಾಗಿ ಔಟ್‌ಲೈನ್. ಸಾಮಾನ್ಯವಾಗಿ ಅಂತ ಯಾಕೆ ಹೇಳಿದೆ ಅಂತ ಮುಂದೆ ಹೇಳುತ್ತೇನೆ.

ಎಕ್ಸ್ ಜೊತೆ ಬರುವ ಈ ಅಡೋಬಿ ಹೆಲ್ವೆಟಿಕಾ ಬಿಟ್‌ಮ್ಯಾಪ್ 75 ಡಿಪಿಐ (ಇಂಚಿಗೆ 75 ಚುಕ್ಕೆ) ಫೋಲ್ಡರಿನಲ್ಲಿ 6 ಅಳತೆಯಲ್ಲಿ ಇದೆ: 8, 10, 12, 14, 18, 24 ಚುಕ್ಕೆ. 100 ಡಿಪಿಐ ಫೋಲ್ಡರಿನಲ್ಲಿ ಅವೇ ಪಾಯಿಂಟ್‌ಗಳಿಗೆ 11, 14, 17, 20, 25, 34 ಚುಕ್ಕೆ. ಪರದೆಗೆ ಅಂತ ಮಾಡಿದ ಫಾಂಟ್ ಅದು, ಪರದೆಯಲ್ಲಿ ಅದರ ಕೆಲಸ ಚೆನ್ನಾಗಿಯೇ ಇದೆ. ಫ್ಲೆಕ್ಸಿಗೆ ಅದನ್ನು ಯಾರೂ ಮಾಡಿರಲಿಲ್ಲ.

ಹೊಸ ಸಿಸ್ಟಮ್‌ಗಳಲ್ಲಿ ಈ ದೋಷ ಕಡಿಮೆ. ಪ್ಯಾಂಗೋ 2019ರ 1.44 ಆವೃತ್ತಿಯಿಂದ ಪಿಸಿಎಫ್, ಬಿಡಿಎಫ್, ಟೈಪ್ 1 ಫಾಂಟ್‌ಗಳನ್ನು ಕೈಬಿಟ್ಟಿತು. ಆದರೆ ಗದಗ, ಹಾವೇರಿ ಕಡೆ ಅಂಗಡಿಗಳಲ್ಲಿ ಓಡುತ್ತಿರುವ ಎಷ್ಟೋ ಕಂಪ್ಯೂಟರ್ ಅದಕ್ಕಿಂತ ಹಳೆಯವು. ಕೆಲಸ ನಡೆಯುತ್ತಿದ್ದರೆ ಯಾರೂ ಬದಲಾಯಿಸುವುದಿಲ್ಲ, ಬದಲಾಯಿಸಬೇಕಾಗಿಯೂ ಇಲ್ಲ.

ಇಡೀ ಕಂಪ್ಯೂಟರ್‌ನಲ್ಲಿ ಬಿಟ್‌ಮ್ಯಾಪ್ ಯಾವುವು ಅಂತ ಒಂದೇ ಸಲ ನೋಡಬೇಕಾದರೆ ಎಫ್‌ಸಿ-ಲಿಸ್ಟ್ ಬಳಸಿ. ಅದಕ್ಕೆ ಸ್ಕೇಲಬಲ್ ಸಮ ಫಾಲ್ಸ್, ಅಂದರೆ ಹಿಗ್ಗದವು, ಅನ್ನೋ ಷರತ್ತು ಕೊಟ್ಟು, ಫ್ಯಾಮಿಲಿ ಮತ್ತು ಫೈಲ್ ತೋರಿಸು ಅಂದರೆ ಪೂರ್ತಿ ಪಟ್ಟಿ ಬರುತ್ತದೆ. ಷರತ್ತಿನ ಮುಂದೆ ಎರಡು ಚುಕ್ಕೆಯ ಕೋಲನ್ ಮರೆಯಬೇಡಿ. ಅದು ಇಲ್ಲದಿದ್ದರೆ ನೀವು ಕೊಟ್ಟದ್ದನ್ನು ಫಾಂಟ್ ಹೆಸರು ಅಂತ ತಿಳಿದುಕೊಂಡು ಏನೂ ತೋರಿಸುವುದಿಲ್ಲ. ಒಂದೇ ಕಡತದ ಬಗ್ಗೆ ಅನುಮಾನ ಇದ್ದರೆ ಎಫ್‌ಸಿ-ಕ್ವೆರಿ ಓಡಿಸಿ. ಉದ್ದ ವಿವರ ಬರುತ್ತದೆ. ಅದರಲ್ಲಿ ಸ್ಕೇಲಬಲ್ ಮತ್ತು ಔಟ್‌ಲೈನ್ ಅಂತ ಎರಡು ಬೇರೆ ಬೇರೆ ಸಾಲು ಇರುತ್ತವೆ. ಎರಡನ್ನೂ ಓದಿ. ಬಣ್ಣದ ಇಮೋಜಿ ಫಾಂಟ್‌ನಲ್ಲಿ ಸ್ಕೇಲಬಲ್ ಟ್ರೂ, ಔಟ್‌ಲೈನ್ ಫಾಲ್ಸ್ ಅಂತ ಬರುವುದುಂಟು. ಚಿತ್ರವನ್ನು ಹಿಗ್ಗಿಸಬಹುದು, ಆದರೆ ಅದು ಚಿತ್ರವೇ ಅಂತ ಅರ್ಥ. ಪಿಕ್ಸೆಲ್‌ಸೈಜ್ ಅನ್ನೋ ಸಾಲು ಕಂಡರೆ ಅದೂ ಒಂದು ಗುರುತು. ಬಿಟ್‌ಮ್ಯಾಪ್ ತನ್ನ ಅಳತೆ ಹೇಳಿಕೊಳ್ಳುತ್ತದೆ, ಔಟ್‌ಲೈನ್‌ಗೆ ಸ್ವಂತ ಅಳತೆ ಅಂತ ಇಲ್ಲ.

ಹಳೆಯ ಪ್ರೋಗ್ರಾಮ್ ಆದರೆ ಸೊನ್ನೆ ಎಣಿಸಿ

ಅದೇ ಅಂಗಡಿಯಲ್ಲಿ ಇನ್ನೊಂದು ಕಂಪ್ಯೂಟರ್ ಇದೆ. ಆರ್ಡರ್ ನಂಬರನ್ನು ಪರದೆಯ ತುಂಬ ತೋರಿಸುವ, ಮೋಟಿಫ್ ಎಂಬ ಹಳೆಯ ಲೈಬ್ರರಿಯಲ್ಲಿ ಬರೆದ ಪ್ರೋಗ್ರಾಮ್ ಅದರಲ್ಲಿ ಓಡುತ್ತದೆ. ಅಲ್ಲೂ ಅಂಕಿ ಮೆಟ್ಟಿಲು. ಆದರೆ ಎಫ್‌ಸಿ-ಮ್ಯಾಚ್ ಹೇಳಿದ ಉತ್ತರಕ್ಕೂ ಅಲ್ಲಿ ಕಂಡದ್ದಕ್ಕೂ ತಾಳೆಯೇ ಇರಲಿಲ್ಲ. ಯಾಕಂದರೆ ಇಂಥ ಹಳೆಯ ಪ್ರೋಗ್ರಾಮ್‌ಗಳು ಫಾಂಟ್‌ಕಾನ್ಫಿಗ್ ಹತ್ತಿರ ಹೋಗುವುದೇ ಇಲ್ಲ. ನೇರವಾಗಿ ಎಕ್ಸ್ ಸರ್ವರನ್ನು ಕೇಳುತ್ತವೆ. ಅಕ್ಷರ ಬಿಡಿಸುವುದೂ ಸರ್ವರೇ. ಕೇಳುವ ಬಾಗಿಲು ಬೇರೆಯಾದರೆ ಪತ್ತೆ ಮಾಡುವ ಆಜ್ಞೆಯೂ ಬೇರೆ. ಇಲ್ಲಿ ಬೇಕಾದದ್ದು ಎಕ್ಸ್‌ಎಲ್‌ಎಸ್‌ಫಾಂಟ್ಸ್.

ಅದು ತೋರಿಸುವ ಹೆಸರುಗಳು ಉದ್ದ ಇರುತ್ತವೆ. ನೋಡಿ ಹೆದರಬೇಡಿ. ಮೂರು ಸಾಲು ಹೋಲಿಸಿದರೆ ಸಾಕು:

-ಅಡೋಬಿ-ಹೆಲ್ವೆಟಿಕಾ-ಮೀಡಿಯಮ್-ಆರ್-ನಾರ್ಮಲ್--12-120-75-75-ಪಿ-67-ಐಎಸ್‌ಒ8859-1

-ಅಡೋಬಿ-ಹೆಲ್ವೆಟಿಕಾ-ಮೀಡಿಯಮ್-ಆರ್-ನಾರ್ಮಲ್--0-0-75-75-ಪಿ-0-ಐಎಸ್‌ಒ8859-1

-ಬಿಟ್‌ಸ್ಟ್ರೀಮ್-ಚಾರ್ಟರ್-ಮೀಡಿಯಮ್-ಆರ್-ನಾರ್ಮಲ್--0-0-0-0-ಪಿ-0-ಐಎಸ್‌ಒ8859-1

ಹೆಸರಿನಲ್ಲಿ 14 ಮನೆಗಳಿವೆ, ಒಂದೊಂದರ ಹಿಂದೆ ಒಂದು ಅಡ್ಡಗೆರೆ. ಮಾಡಿದವರು, ಫ್ಯಾಮಿಲಿ, ದಪ್ಪ, ಓರೆ, ಅಗಲ, ಶೈಲಿ ಅಂತ ಮೊದಲ ಆರು. ಆರನೆಯದು ಸಾಮಾನ್ಯವಾಗಿ ಖಾಲಿ, ಅದಕ್ಕೇ ಎರಡು ಅಡ್ಡಗೆರೆ ಒಟ್ಟಿಗೆ ಕಾಣುತ್ತವೆ. ಎಣಿಕೆ ತಪ್ಪುವುದು ಇಲ್ಲೇ. ಖಾಲಿ ಮನೆಯನ್ನೂ ಎಣಿಸಬೇಕು. ಏಳನೆಯದು ಚುಕ್ಕೆಯಲ್ಲಿ ಎತ್ತರ. ಎಂಟನೆಯದು ಪಾಯಿಂಟ್‌ನ ಹತ್ತರಷ್ಟು, ಅಂದರೆ 120 ಅಂತ ಇದ್ದರೆ 12 ಪಾಯಿಂಟ್. ಒಂಬತ್ತು ಮತ್ತು ಹತ್ತು ಯಾವ ಡಿಪಿಐಗೆ ಮಾಡಿದ್ದು ಅಂತ ಹೇಳುತ್ತವೆ, ಅಡ್ಡಕ್ಕೊಂದು ಉದ್ದಕ್ಕೊಂದು. ಹನ್ನೊಂದನೆಯದು ಎಲ್ಲ ಅಕ್ಷರಕ್ಕೂ ಒಂದೇ ಅಗಲವೋ ಬೇರೆ ಬೇರೆಯೋ ಅಂತ ಹೇಳುತ್ತದೆ. ಹನ್ನೆರಡು ಸರಾಸರಿ ಅಗಲ, ಚುಕ್ಕೆಯ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಕೊನೆಯ ಎರಡು ಮನೆ ಅಕ್ಷರಗಳ ಸಂಕೇತ ಪಟ್ಟಿ.

ಈಗ ಸೊನ್ನೆಗಳನ್ನು ನೋಡಿ. ಏಳು, ಎಂಟು, ಹನ್ನೆರಡು ಈ ಮೂರೂ ಮನೆಯಲ್ಲಿ ಸೊನ್ನೆ ಇದ್ದರೆ ಸರ್ವರ್ ಅದನ್ನು ಯಾವ ಅಳತೆಗೆ ಬೇಕಾದರೂ ಕೊಡುತ್ತದೆ. ಮೊದಲ ಸಾಲಿನಲ್ಲಿ ಸೊನ್ನೆ ಇಲ್ಲ, ಅದು 12 ಚುಕ್ಕೆಯ ಗಟ್ಟಿ ಬಿಟ್‌ಮ್ಯಾಪ್. ಎರಡನೆಯದರಲ್ಲಿ ಮೂರೂ ಸೊನ್ನೆ ಇವೆ. ಇಲ್ಲೇ ಎಷ್ಟೋ ಜನ ಔಟ್‌ಲೈನ್ ಸಿಕ್ಕಿತು ಅಂತ ನಿಲ್ಲಿಸಿಬಿಡುತ್ತಾರೆ. ನಿಲ್ಲಬೇಡಿ. ಒಂಬತ್ತು, ಹತ್ತನೇ ಮನೆಯಲ್ಲಿ 75 ಉಳಿದಿದೆ. ಅದು ಮೂಲ ಬಿಟ್‌ಮ್ಯಾಪ್‌ನ ಹುಟ್ಟುಗುರುತು. 75 ಡಿಪಿಐಗೆ ಮಾಡಿದ ಚುಕ್ಕೆಗಳನ್ನು ಸರ್ವರ್ ಎಳೆದು ಕೊಡುತ್ತದೆ ಅಂತ ಅದರರ್ಥ. ಮೂರನೆಯದರಲ್ಲಿ ಆ ಎರಡೂ ಮನೆಯಲ್ಲಿ ಸೊನ್ನೆ. ಅದೇ ನಿಜವಾದ ಔಟ್‌ಲೈನ್.

ನನ್ನ ಅನುಭವದಲ್ಲಿ ಈ ಎರಡು ಮನೆ ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಕಣ್ಣಲ್ಲಿ ಎಣಿಸುವುದು ಬೇಸರ ಅನ್ನಿಸಿದರೆ ಎಕ್ಸ್‌ಎಲ್‌ಎಸ್‌ಫಾಂಟ್ಸ್‌ಗೆ ಮಾದರಿ ಕೊಟ್ಟು ಸೋಸಿ. ಆಯ್ಕೆ ಅಡ್ಡಗೆರೆ ಎಫ್‌ಎನ್. ಔಟ್‌ಲೈನ್ ಮಾತ್ರ ಬೇಕಾದರೆ ಮಾದರಿ ಇದು:

'-*-*-*-*-*-*-0-0-0-0-*-0-*-*'

ಎಳೆದು ಕೊಡುವ ಬಿಟ್‌ಮ್ಯಾಪ್‌ಗಳಿಗೆ ಇದು, ಆಮೇಲೆ 75ರ ಜಾಗದಲ್ಲಿ 100 ಹಾಕಿ ಇನ್ನೊಮ್ಮೆ:

'-*-*-*-*-*-*-0-0-75-75-*-0-*-*'

ಉದ್ಧರಣ ಚಿಹ್ನೆ ಬಿಡಬೇಡಿ. ಬಿಟ್ಟರೆ ನಕ್ಷತ್ರಗಳನ್ನು ಆಜ್ಞೆ ಓದುವ ಶೆಲ್ ತನಗೆ ಅಂತ ತಿಳಿಯಬಹುದು.

ಫ್ಯಾಮಿಲಿ ಹೆಸರು ನೋಡಿ ನಿರ್ಧಾರ ಮಾಡಬಾರದು ಅನ್ನುವುದಕ್ಕೆ ಚಾರ್ಟರ್ ಒಳ್ಳೆಯ ಉದಾಹರಣೆ. ಅದು ಎಕ್ಸ್ ಜೊತೆ ಬಿಟ್‌ಮ್ಯಾಪ್ ಆಗಿಯೂ ಬರುತ್ತದೆ, ಟೈಪ್ 1 ಔಟ್‌ಲೈನ್ ಆಗಿಯೂ ಬರುತ್ತದೆ. ಮಾಡಿದವರ ಹೆಸರೂ ಒಂದೇ, ಫ್ಯಾಮಿಲಿಯೂ ಒಂದೇ. ಬೇರೆ ಮಾಡಿ ತೋರಿಸುವುದು ಆ ಸೊನ್ನೆಗಳು ಮಾತ್ರ. ಇನ್ನು ಫಿಕ್ಸ್ಡ್ ಅಂತ ಒಂದೇ ಪದದ ಹೆಸರು ಪಟ್ಟಿಯಲ್ಲಿ ಕಂಡರೆ ಅದು ಅಡ್ಡಹೆಸರು. ಅದರಲ್ಲಿ 14 ಮನೆ ಇಲ್ಲ, ಅದರ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ.

ಔಟ್‌ಲೈನ್ ಇದೆ, ಆದರೂ ಸರ್ವರ್ ಬಿಟ್‌ಮ್ಯಾಪನ್ನೇ ಕೊಡುತ್ತಿದೆ ಅಂದರೆ ಎಕ್ಸ್‌ಸೆಟ್ ಕ್ಯೂ ಓಡಿಸಿ ಫಾಂಟ್ ದಾರಿಯ ಸಾಲು ನೋಡಿ. ಸರ್ವರ್ ಫೋಲ್ಡರ್‌ಗಳನ್ನು ಅಲ್ಲಿ ಬರೆದ ಕ್ರಮದಲ್ಲೇ ಹುಡುಕುತ್ತದೆ. 75 ಡಿಪಿಐ ಫೋಲ್ಡರ್ ಮುಂದೆ, ಟೈಪ್ 1 ಹಿಂದೆ ಇದ್ದರೆ ಬಿಟ್‌ಮ್ಯಾಪ್ ಮೊದಲು ಸಿಗುತ್ತದೆ, ಅದನ್ನೇ ಎಳೆದು ಕೊಡುತ್ತದೆ. ಇದಕ್ಕೆ ಚೊಕ್ಕ ಪರಿಹಾರ ಇದೆ. ಬಿಟ್‌ಮ್ಯಾಪ್ ಫೋಲ್ಡರಿನ ದಾರಿಯ ಕೊನೆಗೆ ಕೋಲನ್ ಹಾಕಿ ಅನ್‌ಸ್ಕೇಲ್ಡ್ ಅಂತ ಸೇರಿಸಿ. ಆಗ ಆ ಫೋಲ್ಡರ್ ತನ್ನಲ್ಲಿರುವ ಅಳತೆಗಳನ್ನು ಮಾತ್ರ ಕೊಡುತ್ತದೆ, ಎಳೆಯುವುದಿಲ್ಲ. ಬೇರೆ ಅಳತೆ ಬೇಕಾದಾಗ ಸರ್ವರ್ ಮುಂದಿನ ಫೋಲ್ಡರಿಗೆ, ಅಂದರೆ ಔಟ್‌ಲೈನ್ ಹತ್ತಿರ ಹೋಗುತ್ತದೆ. ಗೆಳೆಯನ ಎರಡನೇ ಕಂಪ್ಯೂಟರ್ ಇದರಿಂದಲೇ ಸರಿಹೋಯಿತು. ಪ್ರೋಗ್ರಾಮ್ ಕೇಳುತ್ತಿದ್ದ ಹೆಲ್ವೆಟಿಕಾ ಹೆಸರನ್ನು ಔಟ್‌ಲೈನ್ ಇರುವ ಚಾರ್ಟರ್‌ಗೆ ಬದಲಿಸಿದೆವು, ಫೋಲ್ಡರ್‌ಗೆ ಅನ್‌ಸ್ಕೇಲ್ಡ್ ಹಚ್ಚಿದೆವು.

ಔಟ್‌ಲೈನ್ ಕಡತ ಫೋಲ್ಡರಿನಲ್ಲಿ ಇದ್ದೂ ಪಟ್ಟಿಯಲ್ಲೇ ಬರುತ್ತಿಲ್ಲವೇ? ಸರ್ವರ್ ಕಡತಗಳನ್ನು ನೋಡುವುದಿಲ್ಲ, ಫಾಂಟ್ಸ್.ಡಿಐಆರ್ ಎಂಬ ಪಟ್ಟಿಯನ್ನು ನೋಡುತ್ತದೆ. ಮೊದಲು ಎಂಕೆಫಾಂಟ್‌ಸ್ಕೇಲ್, ಆಮೇಲೆ ಎಂಕೆಫಾಂಟ್‌ಡಿರ್, ಕೊನೆಗೆ ಎಕ್ಸ್‌ಸೆಟ್ ಎಫ್‌ಪಿ ರಿಹ್ಯಾಶ್. ಕ್ರಮ ಇದೇ ಇರಲಿ. ಆ ಪಟ್ಟಿಯನ್ನು ಕೈಯಿಂದ ತಿದ್ದುವವರು ಮೊದಲ ಸಾಲಿನ ಸಂಖ್ಯೆಯನ್ನೂ ತಿದ್ದಬೇಕು. ಒಳಗೆ ಎಷ್ಟು ಸಾಲು ಇವೆ ಅಂತ ಹೇಳುವ ಸಂಖ್ಯೆ ಅದು.

ಟಿಟಿಎಫ್ ಅಂದ ಕೂಡಲೇ ನಂಬಬೇಡಿ

ಮೇಲೆ ಸಾಮಾನ್ಯವಾಗಿ ಅಂತ ಹೇಳಿದ್ದೆ. ಕಾರಣ ಯೂನಿಫಾಂಟ್. ಗ್ನೂ ಯೂನಿಫಾಂಟ್‌ನಲ್ಲಿ ಕನ್ನಡವೂ ಸೇರಿ ಲೋಕದ ಎಷ್ಟೋ ಲಿಪಿಗಳ ಅಕ್ಷರ ಇವೆ, ಎಲ್ಲವೂ 16 ಚುಕ್ಕೆ ಎತ್ತರದಲ್ಲಿ ಬರೆದವು. ಅದರ ಪಿಸಿಎಫ್ ಕಡತ ಬಿಟ್‌ಮ್ಯಾಪ್ ಅಂತ ಸುಲಭವಾಗಿ ಸಿಕ್ಕಿಬೀಳುತ್ತದೆ. ಆದರೆ ಅದರ ಟ್ರೂಟೈಪ್ ರೂಪವೂ ಇದೆ. ಅದರಲ್ಲಿ ಚುಕ್ಕೆಗಳ ಅಂಚನ್ನೇ ಗೆರೆಯಾಗಿ ಬರೆದಿದ್ದಾರೆ. ಎಫ್‌ಸಿ-ಕ್ವೆರಿ ಕೇಳಿದರೆ ಸ್ಕೇಲಬಲ್ ಟ್ರೂ, ಔಟ್‌ಲೈನ್ ಟ್ರೂ. ಎರಡೂ ನಿಜ. ಪಿಡಿಎಫ್‌ಫಾಂಟ್ಸ್ ಕೂಡ ಟ್ರೂಟೈಪ್ ಅನ್ನುತ್ತದೆ. ಫ್ಲೆಕ್ಸ್ ಮೇಲೆ ಮಾತ್ರ ಮೆಟ್ಟಿಲು. ಈ ಒಂದು ಕಡೆ ಸಿಸ್ಟಮ್ ಹೇಳಿದ್ದಕ್ಕಿಂತ ಕಣ್ಣೇ ಮೇಲು. 800 ಪರ್ಸೆಂಟ್‌ನಲ್ಲಿ ಮೆಟ್ಟಿಲಿನ ಅಂಚು ಕತ್ತರಿಸಿದಂತೆ ಚೂಪಾಗಿರುತ್ತದೆ.

ಕನ್ನಡಿಗರಿಗೆ ಇದನ್ನು ಹಿಡಿಯಲು ಇನ್ನೂ ಸುಲಭದ ದಾರಿ ಇದೆ. ಒತ್ತಕ್ಷರ ನೋಡಿ. ಒತ್ತು ಕೂಡಿಸಲು ಬೇಕಾದ ಓಪನ್‌ಟೈಪ್ ನಿಯಮಗಳು ಯೂನಿಫಾಂಟ್‌ನಲ್ಲಿ ಇಲ್ಲ. ಸುಸ್ವಾಗತ ಅಂತ ಬರೆದರೆ ಸ್ ಬೇರೆ, ವಾ ಬೇರೆ ಆಗಿ ಸುಸ್‌ವಾಗತ ಅಂತ ಕೂರುತ್ತದೆ. ಮೆಟ್ಟಿಲಿನ ಜೊತೆ ಒತ್ತೂ ಒಡೆದಿದ್ದರೆ ಕನ್ನಡದ ಸರಿಯಾದ ಫಾಂಟೇ ಆ ಕಂಪ್ಯೂಟರ್‌ನಲ್ಲಿ ಇಲ್ಲ, ಕೊನೆಯ ಆಸರೆಯಾಗಿ ಯೂನಿಫಾಂಟ್ ಬಂದಿದೆ ಅಂತ ತಿಳಿಯಿರಿ. ಡಿಸ್ಕ್ ಜಾಗ ಉಳಿಸಲು ಭಾಷೆಗಳ ಫಾಂಟ್ ತೆಗೆದುಹಾಕಿದವರ ಮನೆಯಲ್ಲಿ ಹೀಗಾಗುತ್ತದೆ. ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೋ ಸಾನ್ಸ್ ಕನ್ನಡ ಇವುಗಳಲ್ಲಿ ಒಂದನ್ನಾದರೂ ಹಾಕಿಕೊಳ್ಳಿ. ಹಾಕಿದ ಮೇಲೆ ಎಫ್‌ಸಿ-ಮ್ಯಾಚ್‌ಗೆ ಕೋಲನ್ ಲ್ಯಾಂಗ್ ಸಮ ಕೆಎನ್ ಅಂತ ಕೊಟ್ಟು ಕೇಳಿ. ಈಗ ಯೂನಿಫಾಂಟ್ ಬದಲು ಇವುಗಳ ಹೆಸರು ಬರಬೇಕು.

ಇದೇ ಜಾಗದಲ್ಲಿ ಇನ್ನೊಂದು ಗೊಂದಲ. ಹಳೆಯ ನುಡಿ, ಬರಹ ಕಡತ ತೆಗೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬಂದರೆ ಅದು ಬೇರೆಯೇ ರೋಗ. ಆ ಫಾಂಟ್‌ಗಳು ಔಟ್‌ಲೈನೇ, ಹಿಗ್ಗುತ್ತವೆ. ಅಲ್ಲಿ ತೊಂದರೆ ಅಕ್ಷರ ಸಂಕೇತದ್ದು. ಯೂನಿಕೋಡ್‌ಗೆ ಬದಲಾಯಿಸದೆ ಅದಕ್ಕೆ ಮದ್ದಿಲ್ಲ.

ಸರಿ ಮಾಡಿದ್ದು ಹೀಗೆ

ಗೆಳೆಯನ ಮೊದಲ ಕಂಪ್ಯೂಟರ್‌ಗೆ ಬರೋಣ. ಹೆಲ್ವೆಟಿಕಾ ಕೇಳಿದರೆ ಬಿಟ್‌ಮ್ಯಾಪ್ ಬಂದದ್ದು ಯಾಕೆ? ಇಟಿಸಿ ಫೋಲ್ಡರ್, ಅದರಲ್ಲಿ ಫಾಂಟ್ಸ್, ಅದರಲ್ಲಿ ಕಾನ್ಫ್.ಡಿ ತೆಗೆದು ನೋಡಿದೆವು. 70-ಯೆಸ್-ಬಿಟ್‌ಮ್ಯಾಪ್ಸ್ ಅನ್ನೋ ಕೊಂಡಿ ಅಲ್ಲಿತ್ತು. ಟರ್ಮಿನಲ್‌ನಲ್ಲಿ ಹಳೆಯ ಸಣ್ಣ ಫಾಂಟ್ ಬೇಕು ಅಂತ ಯಾರೋ ಯಾವಾಗಲೋ ಹಾಕಿದ್ದು. ಅದು ಇದ್ದರೆ ಬಿಟ್‌ಮ್ಯಾಪ್‌ಗಳೂ ಸಾಲಿನಲ್ಲಿ ನಿಲ್ಲುತ್ತವೆ. ಹೆಲ್ವೆಟಿಕಾ ಅನ್ನೋ ಹೆಸರು ಅಕ್ಷರಶಃ ಇರುವುದು ಆ ಬಿಟ್‌ಮ್ಯಾಪ್‌ಗೆ ಮಾತ್ರ. ಹೆಸರು ಪೂರ್ತಿ ಹೊಂದಿದವರಿಗೇ ಮೊದಲ ಮಣೆ. ಬಿಟ್‌ಮ್ಯಾಪ್ ಇಲ್ಲದಿದ್ದರೆ ಫಾಂಟ್‌ಕಾನ್ಫಿಗ್ ಅದೇ ಅಗಲದ ಅಕ್ಷರ ಇರುವ ನಿಂಬಸ್ ಸಾನ್ಸ್‌ನಂಥ ಔಟ್‌ಲೈನ್ ಫಾಂಟನ್ನು ಕೊಡುತ್ತದೆ.

ಆ ಕೊಂಡಿ ತೆಗೆದು 70-ನೋ-ಬಿಟ್‌ಮ್ಯಾಪ್ಸ್ ಹಾಕಿದೆವು. ಡೆಬಿಯನ್, ಉಬುಂಟು ಇರುವವರು ಡಿಪಿಕೆಜಿ-ರೀಕಾನ್ಫಿಗರ್ ಮೂಲಕ ಫಾಂಟ್‌ಕಾನ್ಫಿಗ್-ಕಾನ್ಫಿಗ್ ಪ್ಯಾಕೇಜನ್ನು ಮತ್ತೆ ಸೆಟ್ ಮಾಡಿದರೂ ಆಗುತ್ತದೆ. ಬಿಟ್‌ಮ್ಯಾಪ್ ಬೇಕೇ ಅಂತ ಅದೇ ಕೇಳುತ್ತದೆ. ಆಮೇಲೆ ಎಫ್‌ಸಿ-ಕ್ಯಾಶ್ ಓಡಿಸಿ, ಪ್ರೋಗ್ರಾಮ್ ಮುಚ್ಚಿ ಮತ್ತೆ ತೆರೆಯಿರಿ. ತೆರೆದೇ ಇಟ್ಟ ಪ್ರೋಗ್ರಾಮ್ ಹಳೆಯ ಫಾಂಟನ್ನೇ ಹಿಡಿದುಕೊಂಡು ಕೂತಿರಬಹುದು. ನಾವು ಇದನ್ನು ಮರೆತು ಹತ್ತು ನಿಮಿಷ ಒದ್ದಾಡಿದೆವು.

ಕೆಲವರಿಗೆ ಟರ್ಮಿನಲ್‌ಗೆ ಆ ಬಿಟ್‌ಮ್ಯಾಪ್ ನಿಜಕ್ಕೂ ಬೇಕಿರುತ್ತದೆ. ಅಂಥವರು ಎಲ್ಲವನ್ನೂ ತೆಗೆಯಬೇಕಿಲ್ಲ. ತಮ್ಮ ಫಾಂಟ್ಸ್.ಕಾನ್ಫ್ ಕಡತದಲ್ಲಿ ಸೆಲೆಕ್ಟ್‌ಫಾಂಟ್ ಒಳಗೆ ರಿಜೆಕ್ಟ್‌ಫಾಂಟ್ ಬರೆದು, ಫ್ಯಾಮಿಲಿ ಹೆಲ್ವೆಟಿಕಾ ಮತ್ತು ಸ್ಕೇಲಬಲ್ ಫಾಲ್ಸ್ ಎರಡೂ ಇರುವುದನ್ನು ಮಾತ್ರ ತಳ್ಳಿಹಾಕಬಹುದು. ಆದರೆ ಪ್ರಿಂಟ್ ಕೆಲಸಕ್ಕೆ ಅಂತಲೇ ಇರುವ ಕಂಪ್ಯೂಟರ್ ಆದರೆ ನನ್ನ ಸಲಹೆ ಬೇರೆ: ಬಿಟ್‌ಮ್ಯಾಪ್ ಪೂರ್ತಿ ಮುಚ್ಚಿಬಿಡಿ. ಇವತ್ತು ಹೆಲ್ವೆಟಿಕಾ ತಡೆದರೆ ನಾಳೆ ಇನ್ನೊಬ್ಬ ಗಿರಾಕಿ ಟೈಮ್ಸ್ ಅಥವಾ ಕೊರಿಯರ್ ಕೇಳುತ್ತಾನೆ. ಅವೂ ಅದೇ ಫೋಲ್ಡರಿನಲ್ಲಿ ಬಿಟ್‌ಮ್ಯಾಪ್ ಆಗಿ ಕೂತಿವೆ. ತಳ್ಳಿಹಾಕುವಾಗ ಔಟ್‌ಲೈನ್ ಫಾಲ್ಸ್ ಅಂತ ಷರತ್ತು ಹಾಕಬೇಡಿ, ಬಣ್ಣದ ಇಮೋಜಿಯೂ ಹೋಗಿಬಿಡುತ್ತದೆ. ಸ್ಕೇಲಬಲ್ ಫಾಲ್ಸ್ ಸಾಕು.

ಮತ್ತೆ ಎಫ್‌ಸಿ-ಮ್ಯಾಚ್ ಹೆಲ್ವೆಟಿಕಾ ಕೊಟ್ಟೆವು. ನಿಂಬಸ್ ಸಾನ್ಸ್ ಬಂತು. ಹೊಸ ಪಿಡಿಎಫ್ ಮಾಡಿ ಪಿಡಿಎಫ್‌ಫಾಂಟ್ಸ್ ಓಡಿಸಿದೆವು, ಟೈಪ್ 3 ಸಾಲು ಇರಲಿಲ್ಲ. 800 ಪರ್ಸೆಂಟ್ ಹಿಗ್ಗಿಸಿ 8ರ ದುಂಡು ನೋಡಿದೆವು. ಗೆಳೆಯ ತಾನೇ ಮೌಸ್ ಹಿಡಿದು 3200ರವರೆಗೆ ಹೋದ. ಪರದೆ ತುಂಬ ಒಂದೇ ಒಂದು ಬಾಗಿದ ಅಂಚು ಉಳಿಯಿತು, ಎಲ್ಲೂ ಮೆಟ್ಟಿಲಿಲ್ಲ. ಅಕ್ಷರದ ಅಗಲ ಒಂದೇ ಆಗಿದ್ದರಿಂದ ಸಾಲುಗಳೂ ಜರುಗಿರಲಿಲ್ಲ. ಅವನು ಆ ಪಿಡಿಎಫನ್ನು ಪೆನ್ ಡ್ರೈವ್‌ಗೆ ಹಾಕಿ ಸಂಜೆಯ ಬಸ್ಸಿಗೇ ಹುಬ್ಬಳ್ಳಿಗೆ ಕಳಿಸಿದ. ಮರುದಿನ ಮಧ್ಯಾಹ್ನ ಹೊಸ ಫ್ಲೆಕ್ಸ್ ಮಂಟಪದ ಬಾಗಿಲಿಗೆ ಏರಿತು.